ಗಣಿಯೂರಿನ ಹುಡುಗ, ಸ್ನೂಕರ್‌ನ ಮೊದಲ ದೊರೆ

1927ರ ಮೇ 12. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದ ಕ್ಯಾಮ್ಕಿನ್ ಸಭಾಂಗಣದಲ್ಲಿ ನಾಲ್ಕು ದಿನಗಳಿಂದ ನಡೆದಿದ್ದ ಸ್ನೂಕರ್ ಪಂದ್ಯವೊಂದು ಅಂದು ಮುಕ್ತಾಯ ಕಂಡಿತು. ನಾಟಿಂಗ್‌ಹ್ಯಾಂನ ಟಾಮ್ ಡೆನಿಸ್ ಅವರನ್ನು 20-11 ಫ್ರೇಮ್‌ಗಳಿಂದ ಸೋಲಿಸಿ ಗೆದ್ದವರು 26 ವರ್ಷದ ಜೋ ಡೇವಿಸ್. 31 ಫ್ರೇಮ್‌ಗಳ ಸ್ಪರ್ಧೆಯಲ್ಲಿ 16 ಗೆದ್ದರೆ ಸಾಕಿತ್ತು. ಆದರೂ ಅಂದಿನ ವಾಡಿಕೆಯಂತೆ ಉಳಿದ ಫ್ರೇಮ್‌ಗಳನ್ನೂ ಆಡಿಯೇ ಮುಗಿಸಲಾಯಿತು. ವಿಜೇತರ ಪಾಲಿಗೆ ಬಂದದ್ದು ಒಂದು ಬೆಳ್ಳಿಯ ಕಪ್ ಮತ್ತು 6 ಪೌಂಡ್ 10 ಶಿಲಿಂಗ್.

ಅಂದು ಅದನ್ನು ದೊಡ್ಡ ಸುದ್ದಿ ಎಂದು ಯಾರೂ ಭಾವಿಸಲಿಲ್ಲ. ಸ್ನೂಕರ್ ಆಗ ಪ್ರತಿಷ್ಠೆಯ ಆಟವಾಗಿರಲಿಲ್ಲ. ಅದು ಬಿಲಿಯರ್ಡ್ಸ್ ಪಂದ್ಯ ಮುಗಿದ ಮೇಲೆ ಉಳಿದ ಹೊತ್ತನ್ನು ತುಂಬುವ ವಿನೋದ ಮಾತ್ರವಾಗಿತ್ತು, ಸಭಾಂಗಣಗಳ ಮೂಲೆಗಳಲ್ಲಿ ಸಣ್ಣಪುಟ್ಟ ಬಾಜಿ ಕಟ್ಟಿ ಆಡುವ ಆಟವಾಗಿತ್ತು. ಅಂಥ ಆಟಕ್ಕೆ ಒಂದು ಚಾಂಪಿಯನ್‌ಷಿಪ್ ಬೇಕು, ಅದನ್ನೇ ನಂಬಿ ಒಬ್ಬ ಮನುಷ್ಯ ಬದುಕಬಹುದು ಎಂಬ ವಿಶ್ವಾಸ ಇದ್ದದ್ದು ಬೆರಳೆಣಿಕೆಯ ಜನರಿಗೆ. ಅವರಲ್ಲಿ ಮುಖ್ಯರಾದವರು ಕಲ್ಲಿದ್ದಲು ಗಣಿಯ ಕಾರ್ಮಿಕನೊಬ್ಬನ ಮಗನಾದ ಡೇವಿಸ್. ಅಂದು ಅವರ ಕೈಸೇರಿದ ಕಪ್ಪನ್ನು ಗೆಲ್ಲಲು ಇಂದಿಗೂ ಪ್ರಪಂಚದ ವೃತ್ತಿಪರ ಆಟಗಾರರು ವರ್ಷವಿಡೀ ಬೆವರು ಸುರಿಸುತ್ತಾರೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳಿಗೆ ಗರಡಿಮನೆಯ ಕುಸ್ತಿ ಹತ್ತಿರದ ಆಟ. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಉರುಳಿಸುವ ಸ್ನೂಕರ್ ದೂರದ್ದು, ಶ್ರೀಮಂತರದ್ದು, ಇಲ್ಲವೇ ಹೊತ್ತು ಕಳೆಯುವವರದ್ದು ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಡೇವಿಸ್ ಅವರ ಆರಂಭದ ದಿನಗಳನ್ನು ನೋಡಿದರೆ ಆ ಭಾವನೆ ಇಂಗ್ಲೆಂಡಿನಲ್ಲೂ ಬೇರೂರಿತ್ತು ಎಂಬುದು ತಿಳಿಯುತ್ತದೆ. ಅದನ್ನು ಅಲುಗಾಡಿಸಲು ಒಬ್ಬ ಮನುಷ್ಯನಿಗೆ ಎಷ್ಟು ವರ್ಷಗಳ ತಾಳ್ಮೆ ಬೇಕಾಯಿತೆಂಬುದೂ ತಿಳಿಯುತ್ತದೆ.

ಭಾರತದಲ್ಲಿ ಹುಟ್ಟಿದ ಆಟ

ಡೇವಿಸ್ ಅವರ ಕಥೆಗೆ ಮುನ್ನ ಆಟದ ಹುಟ್ಟಿನ ಕಥೆಯನ್ನು ಹೇಳಬೇಕು. ಸ್ನೂಕರ್ ಜನ್ಮ ತಳೆದದ್ದು ಇಂಗ್ಲೆಂಡಿನಲ್ಲಲ್ಲ, ಭಾರತದಲ್ಲಿ. 1875ರಲ್ಲಿ ಮಧ್ಯಪ್ರದೇಶದ ಜಬಲ್ಪುರದ ಸೇನಾ ಠಾಣ್ಯದಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ತರುಣ ಬ್ರಿಟಿಷ್ ಅಧಿಕಾರಿ, ಅದಾಗಲೇ ಬಳಕೆಯಲ್ಲಿದ್ದ ಬ್ಲ್ಯಾಕ್ ಪೂಲ್ ಎಂಬ ಆಟಕ್ಕೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿದರು. ಸೇನಾ ಅಕಾಡೆಮಿಗೆ ಹೊಸದಾಗಿ ಸೇರಿದ, ಏನೂ ತಿಳಿಯದ ಕೆಡೆಟ್‌ಗಳನ್ನು ಹಾಸ್ಯವಾಗಿ ಸ್ನೂಕರ್ ಎಂದು ಕರೆಯುವ ರೂಢಿಯಿತ್ತು. ಆ ಹೆಸರೇ ಆಟಕ್ಕೂ ಅಂಟಿಕೊಂಡಿತು. ಮುಂದೆ 1882ರಲ್ಲಿ ನೀಲಗಿರಿಯ ಊಟಿ ಕ್ಲಬ್ಬಿನಲ್ಲಿ ಅದರ ನಿಯಮಗಳನ್ನು ಬರೆದು ಗೋಡೆಗೆ ಹಾಕಲಾಯಿತು. 1885ರಲ್ಲಿ ಭಾರತಕ್ಕೆ ಬಂದ ಬಿಲಿಯರ್ಡ್ಸ್ ಚಾಂಪಿಯನ್ ಜಾನ್ ರಾಬರ್ಟ್ಸ್ ಅವರು ಈ ಹೊಸ ಆಟವನ್ನು ಕಂಡು ಇಂಗ್ಲೆಂಡಿಗೆ ಕೊಂಡೊಯ್ದರೆಂದು ಹೇಳಲಾಗುತ್ತದೆ.

ಹೀಗೆ ಹುಟ್ಟಿದ ಆಟ ಭಾರತದಲ್ಲಿ ಬಹುಕಾಲ ಅಧಿಕಾರಿಗಳ ಕ್ಲಬ್ಬಿನ ಬಾಗಿಲೊಳಗೇ ಉಳಿಯಿತು. ದೊರೆಗಳು ಆಡುತ್ತಿದ್ದರು. ನಮ್ಮವರು ಚೆಂಡು ಎತ್ತಿಡುವ, ಅಂಕ ಬರೆಯುವ ಕೆಲಸಕ್ಕಿದ್ದರು. ಇಂಗ್ಲೆಂಡಿಗೆ ಹೋದ ಮೇಲೆ ಅದೇ ಆಟ ಬೇರೊಂದು ದಾರಿ ಹಿಡಿಯಿತು. ಕೈಗಾರಿಕಾ ಪಟ್ಟಣಗಳ ಹೋಟೆಲು, ಪಬ್ಬು, ಕಾರ್ಮಿಕರ ಸಂಘಗಳಲ್ಲಿ ಬಿಲಿಯರ್ಡ್ಸ್ ಮೇಜುಗಳಿದ್ದವು. ದುಡಿದು ದಣಿದ ಜನ ಸಂಜೆ ಅಲ್ಲಿ ಸೇರುತ್ತಿದ್ದರು. ಜೋ ಡೇವಿಸ್ ಬೆಳೆದದ್ದು ಅಂಥದೊಂದು ಮೇಜಿನ ಪಕ್ಕದಲ್ಲಿ.

ಗಣಿಯಿಂದ ಹೋಟೆಲಿಗೆ

ಜೋ ಡೇವಿಸ್ ಹುಟ್ಟಿದ್ದು 1901ರ ಏಪ್ರಿಲ್ 15ರಂದು, ಡರ್ಬಿಶೈರ್ ಪ್ರಾಂತದ ವಿಟ್‌ವೆಲ್ ಎಂಬ ಹಳ್ಳಿಯಲ್ಲಿ. ಅದು ಕಲ್ಲಿದ್ದಲಿನ ಸೀಮೆ. ಹುಟ್ಟಿದ ಗಂಡುಮಕ್ಕಳಲ್ಲಿ ಬಹುಪಾಲಿಗೆ ಗಣಿಯ ಕೆಲಸವೇ ಹಣೆಬರಹ. ಜೋ ಅವರ ತಂದೆಯೂ ಗಣಿ ಕಾರ್ಮಿಕರೇ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, 20ನೇ ಶತಮಾನದ ಮೊದಲ ದಶಕದಲ್ಲಿ, ಬ್ರಿಟಿಷ್ ಕಂಪನಿಗಳು ನಮ್ಮ ಕಪ್ಪತಗುಡ್ಡದ ಸೆರಗಿನಲ್ಲಿ ಚಿನ್ನಕ್ಕಾಗಿ ನೆಲ ಬಗೆಯುತ್ತಿದ್ದವು. ಅಲ್ಲಿನ ಗಣಿಗಳು ಹೆಚ್ಚು ಕಾಲ ನಡೆಯಲಿಲ್ಲ. ಡರ್ಬಿಶೈರಿನ ಕಲ್ಲಿದ್ದಲು ಗಣಿಗಳಾದರೋ ಹಲವು ತಲೆಮಾರುಗಳನ್ನು ನೆಲದೊಳಗೆ ಇಳಿಸಿದವು.

ಡೇವಿಸ್ ಕುಟುಂಬದ ಅದೃಷ್ಟವೆಂದರೆ ತಂದೆ ಆ ಕೆಲಸ ಬಿಟ್ಟು ಪಬ್ ನಡೆಸುವ ಉದ್ಯೋಗಕ್ಕೆ ಬಂದದ್ದು. ಚೆಸ್ಟರ್‌ಫೀಲ್ಡ್ ಪಟ್ಟಣದ ಅಂಚಿನ ವಿಟಿಂಗ್ಟನ್ ಮೂರ್‌ನಲ್ಲಿ ಅವರು ನಡೆಸಿದ ಕ್ವೀನ್ಸ್ ಹೋಟೆಲಿನಲ್ಲಿ ಪೂರ್ಣ ಅಳತೆಯ, ಎಂದರೆ 12 ಅಡಿ ಉದ್ದ 6 ಅಡಿ ಅಗಲದ ಬಿಲಿಯರ್ಡ್ಸ್ ಮೇಜೊಂದಿತ್ತು. ಮನೆಯ ಹಿರಿಯ ಮಗನಾದ ಜೋ, ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಆ ಮೇಜಿನ ಬಳಿ ಸುಳಿಯತೊಡಗಿದ. ಎಂಟರ ಪ್ರಾಯದಲ್ಲಿ ಕೈಗೆ ಬಂದ ಕ್ಯೂ ಕೋಲನ್ನು ಮತ್ತೆ ಕೆಳಗಿಡಲಿಲ್ಲ.

ಮಗನ ಕೈಯಲ್ಲಿ ಏನೋ ಇದೆ ಎಂಬುದು ಮನೆಯವರಿಗೆ ಬೇಗನೆ ತಿಳಿಯಿತು. ಚೆಸ್ಟರ್‌ಫೀಲ್ಡಿನ ಅರ್ನೆಸ್ಟ್ ರಡ್ಜ್ ಎಂಬ ವೃತ್ತಿಪರ ಆಟಗಾರರ ಬಳಿ ಪಾಠಕ್ಕೆ ಹಾಕಿದರು. ನಮ್ಮ ಗರಡಿಮನೆಗಳಲ್ಲಿ ವಸ್ತಾದರು ಹುಡುಗರನ್ನು ತಿದ್ದುವಂತೆ ರಡ್ಜ್ ಈ ಹುಡುಗನ ನಿಲುವು, ತೋಳಿನ ಚಲನೆ, ಚೆಂಡಿಗೆ ಕೊಡಬೇಕಾದ ಪೆಟ್ಟಿನ ತೂಕ ಎಲ್ಲವನ್ನೂ ತಿದ್ದಿದರು. ಫಲ ಬೇಗನೆ ಕಂಡಿತು. ಹನ್ನೆರಡರ ಪ್ರಾಯದಲ್ಲಿ ಜೋ ಬಿಲಿಯರ್ಡ್ಸ್‌ನಲ್ಲಿ ಒಂದೇ ಸರದಿಗೆ ನೂರು ಅಂಕ ದಾಟಿದ. ಹದಿಮೂರರಲ್ಲಿ ಚೆಸ್ಟರ್‌ಫೀಲ್ಡ್ ಮತ್ತು ಸುತ್ತಲಿನ ಪ್ರದೇಶದ ಹವ್ಯಾಸಿ ಚಾಂಪಿಯನ್ ಆದ. ತನ್ನ ತಂದೆಯ ವಯಸ್ಸಿನವರನ್ನು ಎದುರಿಸಿ ಗೆದ್ದ ಹುಡುಗ ಆ ಸೀಮೆಯಲ್ಲಿ ಮನೆಮಾತಾದುದು ಸಹಜವೇ ಆಗಿತ್ತು.

ಒಂದು ಕಣ್ಣಿನ ನೋಟ

ಈ ಹುಡುಗನಿಗೆ ಒಂದು ಕೊರತೆಯಿತ್ತು. ಬಲಗಣ್ಣಿನ ದೃಷ್ಟಿ ತೀರ ಮಂದ. ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡೂ ಕಣ್ಣಳತೆಯ ಆಟಗಳು. ಹನ್ನೆರಡು ಅಡಿ ದೂರದ ಚೆಂಡಿನ ಅಂಚಿಗೆ ಕೂದಲೆಳೆಯಷ್ಟು ತಪ್ಪಿದರೂ ಗುರಿ ಕೆಡುತ್ತದೆ. ಬಲಗೈ ಆಟಗಾರನಾದ ಜೋ ಎಲ್ಲರಂತೆ ಕ್ಯೂ ಕೋಲನ್ನು ಗಲ್ಲದ ನಡುವಿಗೆ ತಂದು ನೋಡಿದರೆ ಗುರಿ ಕೂಡುತ್ತಿರಲಿಲ್ಲ. ಆತ ತಲೆಯನ್ನು ಕೊಂಚ ಹೊರಳಿಸಿ, ಕೋಲು ಎಡಗಣ್ಣಿನ ಕೆಳಗೆ ನೇರವಾಗಿ ಹಾಯುವಂತೆ ನಿಲುವನ್ನೇ ಬದಲಿಸಿಕೊಂಡ. ಶಾಸ್ತ್ರದ ಪ್ರಕಾರ ಅದು ಸರಿಯಾದ ನಿಲುವಲ್ಲ. ಆದರೆ ಅವನ ಪಾಲಿಗೆ ಅದೊಂದೇ ದಾರಿ. ಮುಂದೆ ಕೋಟ್ಯಂತರ ಜನರಿಗೆ ಮಾದರಿಯಾಗಬೇಕಾದ ಆಟದ ಶೈಲಿ ಹೀಗೆ ಒಂದು ದೌರ್ಬಲ್ಯವನ್ನು ಸರಿದೂಗಿಸುವ ಪ್ರಯತ್ನದಲ್ಲಿ ಶುರುವಾಯಿತು.

ಗದುಗಿನ ಓದುಗರಿಗೆ ಇದು ವಿಚಿತ್ರವೆನಿಸದು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಟ್ಟಿದ ಸಂಗೀತ ಪರಂಪರೆಯನ್ನು ಕಂಡ ಊರಿದು. ಅಂಗದ ಊನ ಸಾಧನೆಯ ಕೊನೆಯಲ್ಲ ಎಂಬುದನ್ನು ಇಲ್ಲಿನವರಿಗೆ ಹೇಳಬೇಕಾದ ಅಗತ್ಯವಿಲ್ಲ. ಡೇವಿಸ್ ಕೂಡ ತಮ್ಮ ಕಣ್ಣಿನ ವಿಷಯವನ್ನು ಅನುಕಂಪಕ್ಕೆ ಕಾರಣವಾಗಿಸಿಕೊಳ್ಳಲಿಲ್ಲ.

ಹೊಟ್ಟೆಪಾಡಿನ ಪ್ರಶ್ನೆ

1919ರಲ್ಲಿ, ಹದಿನೆಂಟು ತುಂಬಿದಾಗ, ಡೇವಿಸ್ ವೃತ್ತಿಪರ ಆಟಗಾರರಾದರು. ಹವ್ಯಾಸಿಯಾಗಿ ಗೆಲ್ಲುವುದು ಬೇರೆ, ಆಟವನ್ನೇ ನಂಬಿ ಬದುಕುವುದು ಬೇರೆ. ಅಂದಿನ ಬಿಲಿಯರ್ಡ್ಸ್ ಲೋಕದಲ್ಲಿ ಟಾಮ್ ನ್ಯೂಮನ್, ವಿಲ್ಲಿ ಸ್ಮಿತ್, ಮೆಲ್ಬರ್ನ್ ಇನ್ಮನ್, ಟಾಮ್ ರೀಸ್ ಮುಂತಾದ ಘಟಾನುಘಟಿಗಳಿದ್ದರು. ಲಂಡನ್ನಿನ ಲೆಸ್ಟರ್ ಚೌಕದ ಥರ್ಸ್ಟನ್ ಸಭಾಂಗಣ ಆ ಲೋಕದ ದೇಗುಲವಾಗಿತ್ತು. ಡರ್ಬಿಶೈರಿನ ಪಬ್ಬಿನಿಂದ ಬಂದ ತರುಣನಿಗೆ ಅಲ್ಲಿ ತಟ್ಟನೆ ಆಸನ ಸಿಗುವಂತಿರಲಿಲ್ಲ. ಡೇವಿಸ್ ಚೆಸ್ಟರ್‌ಫೀಲ್ಡ್ ಸುತ್ತಮುತ್ತ ಬಿಲಿಯರ್ಡ್ಸ್ ಸಭಾಂಗಣಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದರು. ಮೇಜುಗಳ ಬಾಡಿಗೆ, ಗಿರಾಕಿಗಳ ಲೆಕ್ಕ, ದೀಪ, ಬಟ್ಟೆಯ ದುರಸ್ತಿ ಇವೆಲ್ಲದರ ನಡುವೆ ಅಭ್ಯಾಸವನ್ನೂ ಹೊಂದಿಸಿಕೊಳ್ಳಬೇಕಾಗಿತ್ತು.

ಗದಗಿನ ಕ್ರಿಕೆಟಿಗ ಸುನಿಲ್ ಜೋಶಿ ಬಾಲ್ಯದಲ್ಲಿ ಬೆಳಗಿನ ಜಾವ ಎದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮತ್ತೆ ಊರಿಗೆ ಬಂದು ಶಾಲೆಗೆ ಹೋಗುತ್ತಿದ್ದ ಸಂಗತಿ ಈ ಭಾಗದವರಿಗೆ ಗೊತ್ತಿರುವಂಥದು. ಸಣ್ಣ ಊರಿನ ಆಟಗಾರನಿಗೆ ಪ್ರತಿಭೆಯ ಜೊತೆಗೆ ಬೇಕಾದದ್ದು ಈ ಬಗೆಯ ದಣಿವರಿಯದ ಹಟ. ಡೇವಿಸ್ ಅವರಲ್ಲಿ ಅದು ಧಾರಾಳವಾಗಿತ್ತು. ವರ್ಷದಿಂದ ವರ್ಷಕ್ಕೆ ಮೆಟ್ಟಿಲು ಹತ್ತುತ್ತ 1926ರಲ್ಲಿ ಅವರು ವೃತ್ತಿಪರ ಬಿಲಿಯರ್ಡ್ಸ್ ಚಾಂಪಿಯನ್‌ಷಿಪ್‌ನ ಅಂತಿಮ ಪಂದ್ಯ ತಲುಪಿದರು. ಎದುರಾಳಿ ಟಾಮ್ ನ್ಯೂಮನ್. 16,000 ಅಂಕಗಳ ಗುರಿಯ ಆ ಪಂದ್ಯದಲ್ಲಿ ಡೇವಿಸ್ ಆರು ಸಾವಿರಕ್ಕೂ ಹೆಚ್ಚು ಅಂಕಗಳಿಂದ ಸೋತರು. ಸೋಲು ಚಿಕ್ಕದಾಗಿರಲಿಲ್ಲ. ಮರುವರ್ಷ ಮತ್ತೆ ನ್ಯೂಮನ್ ಎದುರಾದರು. ಈ ಬಾರಿ ಅಂತರ ಸಾವಿರದ ಆಸುಪಾಸಿಗೆ ಇಳಿಯಿತು. ಡೇವಿಸ್ ಒಂದೇ ಸರದಿಯಲ್ಲಿ 2,501 ಅಂಕ ಗಳಿಸಿದರು. 1928ರಲ್ಲಿ ಮೂರನೇ ಯತ್ನದಲ್ಲಿ ಅದೇ ನ್ಯೂಮನ್ ಅವರನ್ನು ಸೋಲಿಸಿ ಬಿಲಿಯರ್ಡ್ಸ್ ಚಾಂಪಿಯನ್ ಆದರು.

ದೊಡ್ಡ ಆಟದ ಸಣ್ಣ ಬಿರುಕು

ಬಿಲಿಯರ್ಡ್ಸ್‌ನ ಶಿಖರ ಏರುತ್ತಿದ್ದಾಗಲೇ ಅದರ ಬುಡದಲ್ಲಿನ ಬಿರುಕು ಡೇವಿಸ್ ಅವರ ಕಣ್ಣಿಗೆ ಬಿದ್ದಿತ್ತು. ಆ ಆಟದಲ್ಲಿ ಇರುವುದು ಮೂರೇ ಚೆಂಡು. ನುರಿತ ಆಟಗಾರ ಚೆಂಡುಗಳನ್ನು ಮೇಜಿನ ಅಂಚಿನಲ್ಲಿ ಒತ್ತೊತ್ತಾಗಿ ಇಟ್ಟುಕೊಂಡು, ಸೂಕ್ಷ್ಮ ಸ್ಪರ್ಶಗಳಿಂದ ನೂರಾರು ಅಂಕಗಳನ್ನು ಪೇರಿಸುತ್ತ ಹೋಗಬಲ್ಲ. 1907ರಲ್ಲಿ ಟಾಮ್ ರೀಸ್ ಇಂಥದೊಂದು ತಂತ್ರದಿಂದ ವಾರಗಟ್ಟಲೆ ಆಡಿ 4,99,135 ಅಂಕ ಕೂಡಿಸಿದ್ದರು. ಎದುರಾಳಿ ಕುರ್ಚಿಯಲ್ಲಿ ಕುಳಿತೇ ಇರಬೇಕು, ಪ್ರೇಕ್ಷಕ ಆಕಳಿಸುತ್ತಿರಬೇಕು. ಒಂದು ತಂತ್ರವನ್ನು ನಿಷೇಧಿಸಿದರೆ ಇನ್ನೊಂದು ಹುಟ್ಟುತ್ತಿತ್ತು. 1927ರಲ್ಲಿ ಡೇವಿಸ್ ಅವರು 2,501 ಅಂಕ ಗಳಿಸಲು ಬಳಸಿದ ಪೆಂಡುಲಮ್ ಎಂಬ ತಂತ್ರಕ್ಕೂ ಮುಂದೆ ನಿಷೇಧ ಬಂತು. ಆಟಗಾರರ ಕೌಶಲ ಹೆಚ್ಚಿದಷ್ಟೂ ಆಟ ನೋಡುವವನಿಗೆ ನೀರಸವಾಗುತ್ತ ಹೋದದ್ದು ಬಿಲಿಯರ್ಡ್ಸ್‌ನ ದುರಂತ.

ಸಭಾಂಗಣಗಳಲ್ಲಿ ದಿನವಿಡೀ ಇರುತ್ತಿದ್ದ ಡೇವಿಸ್ ಇನ್ನೊಂದನ್ನೂ ಗಮನಿಸಿದರು. ದುಡ್ಡು ಕೊಟ್ಟು ಆಡಲು ಬರುವ ಸಾಮಾನ್ಯ ಜನ ಸ್ನೂಕರ್‌ನತ್ತ ವಾಲುತ್ತಿದ್ದರು. ಹದಿನೈದು ಕೆಂಪು ಚೆಂಡು, ಆರು ಬಣ್ಣದ ಚೆಂಡು, ಹೊಡೆಯಲು ಒಂದು ಬಿಳಿ ಚೆಂಡು. ಒಂದು ಕೆಂಪು ಹಾಕಿದರೆ ಒಂದು ಅಂಕ, ಆಮೇಲೆ ಒಂದು ಬಣ್ಣ. ಹಳದಿಗೆ ಎರಡು, ಹಸಿರಿಗೆ ಮೂರು, ಕಂದಿಗೆ ನಾಲ್ಕು, ನೀಲಿಗೆ ಐದು, ಗುಲಾಬಿಗೆ ಆರು, ಕಪ್ಪಿಗೆ ಏಳು. ಯಾರು ಮುಂದಿದ್ದಾರೆ ಎಂಬುದು ಮಗುವಿಗೂ ತಿಳಿಯುತ್ತದೆ. ಫ್ರೇಮು ಬೇಗ ಮುಗಿಯುತ್ತದೆ, ಭಾಗ್ಯ ಕ್ಷಣಕ್ಕೊಮ್ಮೆ ತಿರುಗುತ್ತದೆ. ನೋಡುವವನಿಗೆ ಬೇಕಾದದ್ದು ಇದೇ ಅಲ್ಲವೇ?

ಆದರೆ ಆಟದ ಆಡಳಿತ ನಡೆಸುತ್ತಿದ್ದವರಿಗೆ ಹಾಗೆ ತೋರಲಿಲ್ಲ. 1924ರಲ್ಲಿ ಟಾಮ್ ಡೆನಿಸ್ ಅವರು ಸ್ನೂಕರ್‌ಗೆ ವೃತ್ತಿಪರರ ಮುಕ್ತ ಸ್ಪರ್ಧೆಯೊಂದನ್ನು ಏರ್ಪಡಿಸುವಂತೆ ಬಿಲಿಯರ್ಡ್ಸ್ ಆಡಳಿತ ಸಂಸ್ಥೆಗೆ ಬರೆದಾಗ, ಜನ ಹಣ ಕೊಟ್ಟು ನೋಡುವಷ್ಟು ಆಕರ್ಷಣೆ ಅದರಲ್ಲಿದೆಯೇ ಎಂಬ ಶಂಕೆಯೇ ಉತ್ತರವಾಗಿ ಬಂತು. ಹಿರಿಯ ಆಟಗಾರರಲ್ಲಿ ಹಲವರ ಅಭಿಪ್ರಾಯವೂ ಅದೇ ಆಗಿತ್ತು. ಶಾಸ್ತ್ರೀಯ ಸಂಗೀತದ ಬೈಠಕ್ಕಿನಲ್ಲಿ ಲಘು ಹಾಡಿಗೆ ಎಷ್ಟು ಸ್ಥಾನವೋ ಬಿಲಿಯರ್ಡ್ಸ್‌ನ ಮುಂದೆ ಸ್ನೂಕರ್‌ಗೆ ಅಷ್ಟೇ ಸ್ಥಾನವೆಂದು ಅವರು ತೀರ್ಮಾನಿಸಿದ್ದರು.

ಇಬ್ಬರ ಸಾಹಸ

ಬರ್ಮಿಂಗ್‌ಹ್ಯಾಂನಲ್ಲಿ ಬಿಲಿಯರ್ಡ್ಸ್ ಸಭಾಂಗಣ ನಡೆಸುತ್ತಿದ್ದ ಬಿಲ್ ಕ್ಯಾಮ್ಕಿನ್ ಅವರೂ ಡೇವಿಸ್ ಕಂಡದ್ದನ್ನೇ ಕಂಡಿದ್ದರು. ಇಬ್ಬರೂ ಕೂಡಿ ಯೋಚಿಸಿ, ಸ್ಪರ್ಧೆಯ ರೂಪುರೇಷೆ ಸಿದ್ಧಪಡಿಸಿ, 1926ರಲ್ಲಿ ಆಡಳಿತ ಸಂಸ್ಥೆಯ ಒಪ್ಪಿಗೆ ಪಡೆದರು. ಸಂಸ್ಥೆ ಒಪ್ಪಿತೇ ಹೊರತು ದೊಡ್ಡ ಉತ್ಸಾಹ ತೋರಲಿಲ್ಲ. ಆಟಗಾರರು ಪ್ರವೇಶ ಶುಲ್ಕ ಕಟ್ಟಬೇಕು, ತಮ್ಮ ಪಂದ್ಯಗಳನ್ನು ತಾವೇ ಹೊಂದಿಸಿಕೊಳ್ಳಬೇಕು. ಸಂಗ್ರಹವಾದ ಶುಲ್ಕದ ಅರ್ಧ ಭಾಗ ಕಪ್ ಕೊಳ್ಳಲು ಹೋಯಿತು.

ಹತ್ತು ಜನ ಹೆಸರು ಕೊಟ್ಟರು. 1926ರ ನವೆಂಬರ್ ಕೊನೆಯಲ್ಲಿ ಥರ್ಸ್ಟನ್ ಸಭಾಂಗಣದಲ್ಲಿ ಇನ್ಮನ್ ಮತ್ತು ನ್ಯೂಮನ್ ನಡುವೆ ಮೊದಲ ಪಂದ್ಯ ಆರಂಭವಾಯಿತು. ಆ ಪಂದ್ಯಕ್ಕೂ ಸ್ವಂತ ಸಮಯವಿರಲಿಲ್ಲ. ಅವರಿಬ್ಬರು ಆಡುತ್ತಿದ್ದ ಬಿಲಿಯರ್ಡ್ಸ್ ಪಂದ್ಯದ ಜೊತೆಗೇ ಅದನ್ನೂ ಸೇರಿಸಿ ಆಡಲಾಯಿತು. ಡೇವಿಸ್ ತಮ್ಮ ಮೊದಲ ಪಂದ್ಯದಲ್ಲಿ ಜೋ ಬ್ರೇಡಿ ಅವರನ್ನು 10-5ರಿಂದಲೂ, ಉಪಾಂತ್ಯದಲ್ಲಿ ಆಲ್ಬರ್ಟ್ ಕೋಪ್ ಅವರನ್ನು 16-7ರಿಂದಲೂ ಸೋಲಿಸಿದರು. ಇಡೀ ಸ್ಪರ್ಧೆಯ ಅತ್ಯುತ್ತಮ ಸರದಿ ಕೋಪ್ ಅವರ 60 ಅಂಕ. ಇಂದು ನೂರು ದಾಟುವುದೇ ದಿನನಿತ್ಯದ ಮಾತಾಗಿರುವಾಗ ಆ 60 ಸಣ್ಣದೆನಿಸಬಹುದು. ಅಂದಿನ ಸ್ನೂಕರ್ ಇದ್ದ ಸ್ಥಿತಿಗೆ ಅದು ಅಳತೆಗೋಲು.

ಮೊದಲ ಚಾಂಪಿಯನ್ ಆಗಿ ಡೇವಿಸ್ ಗಳಿಸಿದ 6 ಪೌಂಡ್ 10 ಶಿಲಿಂಗ್‌ನಿಂದ ಬದುಕು ನಡೆಯುವಂತಿರಲಿಲ್ಲ. ಅನ್ನ ಕೊಡುತ್ತಿದ್ದದ್ದು ಆಗಲೂ ಬಿಲಿಯರ್ಡ್ಸ್. ಎರಡು ದೋಣಿಗಳ ಮೇಲೆ ಕಾಲಿಟ್ಟವನ ಪಾಡು ಸುಖದ್ದಲ್ಲ. ಆದರೂ ಅವರು ಎರಡನ್ನೂ ಬಿಡಲಿಲ್ಲ. 1928ರಿಂದ 1932ರ ಅವಧಿಯಲ್ಲಿ ನಾಲ್ಕು ಬಾರಿ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಜೊತೆಜೊತೆಗೆ ಪ್ರತಿವರ್ಷ ಸ್ನೂಕರ್ ಕಪ್ಪನ್ನೂ ಗೆದ್ದರು.

ಹೊಸ ವ್ಯಾಕರಣ

ಡೇವಿಸ್ ಅವರಿಗಿಂತ ಮುಂಚಿನ ಸ್ನೂಕರ್ ಆಟಗಾರರು ಎದುರಿಗೆ ಸಿಕ್ಕ ಚೆಂಡನ್ನು ಗುಂಡಿಗೆ ತಳ್ಳುವುದನ್ನೇ ಕೌಶಲವೆಂದು ಭಾವಿಸಿದ್ದರು. ಒಂದು ಚೆಂಡು ಬಿದ್ದ ಮೇಲೆ ಬಿಳಿ ಚೆಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದು ಬಹುಮಟ್ಟಿಗೆ ಅದೃಷ್ಟದ ಪಾಲಿಗೆ. ಡೇವಿಸ್ ಆ ಕ್ರಮವನ್ನು ತಲೆಕೆಳಗು ಮಾಡಿದರು. ಬಿಲಿಯರ್ಡ್ಸ್‌ನಲ್ಲಿ ಬಿಳಿ ಚೆಂಡನ್ನು ಅಂಗುಲದ ಲೆಕ್ಕದಲ್ಲಿ ಆಳುವ ವಿದ್ಯೆಯನ್ನು ಅವರು ಸ್ನೂಕರ್‌ಗೆ ತಂದರು. ಕೋಲಿನ ತುದಿ ಬಿಳಿ ಚೆಂಡಿನ ಕೆಳಭಾಗಕ್ಕೆ ತಾಗಿದರೆ ಅದು ಹಿಂದಕ್ಕೆ ಉರುಳುತ್ತದೆ, ನಡುವಿಗೆ ಬಲವಾಗಿ ತಾಗಿದರೆ ನಿಂತಲ್ಲೇ ನಿಲ್ಲುತ್ತದೆ, ಪಕ್ಕಕ್ಕೆ ತಾಗಿದರೆ ಮೇಜಿನ ಅಂಚಿಗೆ ಬಡಿದು ಕೋನ ಬದಲಿಸುತ್ತದೆ. ಈಗಿನ ಹೊಡೆತದಲ್ಲೇ ಮುಂದಿನ ಹೊಡೆತವೂ ಅಡಗಿರಬೇಕು, ಅದರಲ್ಲಿ ಅದರ ಮುಂದಿನದು. ಕೆಂಪು ಹಾಕಿ ಕಪ್ಪಿನ ಬಳಿ ನಿಲ್ಲುವುದು, ಕಪ್ಪು ಹಾಕಿ ಮತ್ತೊಂದು ಕೆಂಪಿನ ಬಳಿ ಬರುವುದು, ಹೀಗೆ ಸರಪಳಿಯಂತೆ ಅಂಕಗಳನ್ನು ಹೆಣೆಯುವ ರೀತಿ ಅವರ ಕೈಯಲ್ಲಿ ಶಾಸ್ತ್ರವಾಯಿತು.

ಇದು ಒಂದು ದಿನದ ಸಾಧನೆಯಲ್ಲ. ಬಿಲಿಯರ್ಡ್ಸ್‌ನ ಮೂರು ಚೆಂಡುಗಳ ಲೆಕ್ಕವೇ ಬೇರೆ, ಇಪ್ಪತ್ತೆರಡು ಚೆಂಡುಗಳು ಚದುರಿದ ಮೇಜಿನ ಲೆಕ್ಕವೇ ಬೇರೆ. ಕಲಿಸುವ ಗುರುವಾಗಲಿ, ಓದಲು ಪುಸ್ತಕವಾಗಲಿ ಇರಲಿಲ್ಲ. ಅವರು ತಾವೇ ಪ್ರಯೋಗ ಮಾಡಿ, ತಪ್ಪಿ, ತಿದ್ದಿಕೊಂಡು ಮುಂದುವರಿದರು. 1935ರ ಸ್ಪರ್ಧೆಯಲ್ಲಿ ಅವರು ಒಂದೇ ಸರದಿಗೆ ಗಳಿಸಿದ 110 ಅಂಕ, ಚಾಂಪಿಯನ್‌ಷಿಪ್ ಇತಿಹಾಸದ ಮೊದಲ ಶತಕ. ಕೋಪ್ ಅವರ 60 ಅಂಕದಿಂದ ಅಲ್ಲಿಗೆ ತಲುಪಲು ಹಿಡಿದದ್ದು ಎಂಟು ವರ್ಷ.

ಆಟ ಬೆಳೆಯುತ್ತಿದ್ದರೂ ಸ್ಪರ್ಧೆ ಮಾತ್ರ ಸೊರಗಿತ್ತು. 1931ರಲ್ಲಿ ಹೆಸರು ಕೊಟ್ಟವರು ಇಬ್ಬರೇ, ಡೇವಿಸ್ ಮತ್ತು ಡೆನಿಸ್. ಆ ವರ್ಷದ ಚಾಂಪಿಯನ್‌ಷಿಪ್ ನಡೆದದ್ದು ನಾಟಿಂಗ್‌ಹ್ಯಾಂನಲ್ಲಿ ಡೆನಿಸ್ ಅವರದೇ ಪಬ್ಬಿನ ಹಿಂದಿನ ಕೋಣೆಯಲ್ಲಿ. ಡೇವಿಸ್ 25-21ರಿಂದ ಗೆದ್ದರು. ಪ್ರಪಂಚದ ಶ್ರೇಷ್ಠ ಆಟಗಾರನೆಂಬ ಬಿರುದಿಗಾಗಿ ಇಬ್ಬರು ಒಂದು ಪಬ್ಬಿನ ಹಿತ್ತಿಲ ಕೋಣೆಯಲ್ಲಿ ಸೆಣಸಿದರೆಂದರೆ ಅಂದಿನ ಸ್ನೂಕರ್‌ನ ಬಡತನ ಎಷ್ಟಿತ್ತೆಂದು ಊಹಿಸಬಹುದು. ಆ ವರ್ಷ ಡೇವಿಸ್ ಬೇಸತ್ತು ಕೈಬಿಟ್ಟಿದ್ದರೆ ಕೇಳುವವರಿರಲಿಲ್ಲ. ಬಿಲಿಯರ್ಡ್ಸ್‌ನಲ್ಲಿ ಅವರಿಗೆ ಮಾನವಿತ್ತು, ಆದಾಯವಿತ್ತು. ಸ್ನೂಕರ್‌ನಲ್ಲಿ ಎರಡೂ ಇನ್ನೂ ಬರಬೇಕಾಗಿತ್ತು.

ಅಷ್ಟರಲ್ಲಿ ಆಸ್ಟ್ರೇಲಿಯಾದಿಂದ ವಾಲ್ಟರ್ ಲಿಂಡ್ರಮ್ ಬಂದರು. 1932ರ ಜನವರಿಯಲ್ಲಿ ಥರ್ಸ್ಟನ್ ಸಭಾಂಗಣದಲ್ಲಿ ಡೇವಿಸ್ ವಿರುದ್ಧವೇ ಅವರು ಒಂದೇ ಸರದಿಗೆ 4,137 ಅಂಕ ಗಳಿಸಿದರು. ಡೇವಿಸ್ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. 1933 ಮತ್ತು 1934ರಲ್ಲಿ ಬಿಲಿಯರ್ಡ್ಸ್ ಕಿರೀಟವೂ ಲಿಂಡ್ರಮ್ ಪಾಲಾಯಿತು. ಲಿಂಡ್ರಮ್ ಅವರ ಅಪಾರ ಪ್ರತಿಭೆ ಬಿಲಿಯರ್ಡ್ಸ್‌ನ ಪಾಲಿಗೆ ಮುಳುವಾಯಿತು. ಅದಕ್ಕಿಂತ ಮೇಲೆ ಹೋಗಲು ದಾರಿಯಿಲ್ಲ, ನೋಡಲು ಪ್ರೇಕ್ಷಕರಿಗೆ ಸಹನೆಯಿಲ್ಲ. ಜನ ಸ್ನೂಕರ್‌ನತ್ತ ತಿರುಗಿದರು. 1935ರಲ್ಲಿ ಚಾಂಪಿಯನ್‌ಷಿಪ್‌ನ ಹೆಸರಿಗೆ ವಿಶ್ವ ಎಂಬ ಪದ ಸೇರಿತು. ಎಂಟು ವರ್ಷ ತಾತ್ಸಾರ ಸಹಿಸಿದ ಆಟಕ್ಕೆ ಕೊನೆಗೂ ಸಿಂಹಾಸನ ಸಿಕ್ಕಿತು, ಅದರ ಮೇಲೆ ಕೂರಲು ಡೇವಿಸ್ ಸಿದ್ಧರಾಗಿದ್ದರು.

ಅಜೇಯನ ನೆರಳು

ನಂತರದ ಕಥೆ ಅಂಕಿಅಂಶಗಳ ಮೆರವಣಿಗೆ. 1927ರಿಂದ 1940ರವರೆಗೆ ನಡೆದ ಎಲ್ಲ 14 ಚಾಂಪಿಯನ್‌ಷಿಪ್‌ಗಳನ್ನೂ ಡೇವಿಸ್ ಗೆದ್ದರು. 1940ರ ಅಂತಿಮ ಪಂದ್ಯದಲ್ಲಿ ಎದುರಾದವರು ಹನ್ನೆರಡು ವರ್ಷ ಕಿರಿಯ ತಮ್ಮ ಫ್ರೆಡ್ ಡೇವಿಸ್. 37-36, ಒಂದೇ ಫ್ರೇಮಿನ ಅಂತರದ ಗೆಲುವು. ಯುದ್ಧದಿಂದ ನಿಂತಿದ್ದ ಸ್ಪರ್ಧೆ 1946ರಲ್ಲಿ ಮತ್ತೆ ನಡೆದಾಗ ವಾಲ್ಟರ್ ಲಿಂಡ್ರಮ್ ಅವರ ಸೋದರಳಿಯ ಹೊರೇಸ್ ಲಿಂಡ್ರಮ್ ಅವರನ್ನು 78-67ರಿಂದ ಮಣಿಸಿ ಹದಿನೈದನೇ ಬಾರಿ ಗೆದ್ದರು. 45ರ ಪ್ರಾಯದಲ್ಲಿ, ಒಮ್ಮೆಯೂ ಸೋಲದೆ, ಆ ಸ್ಪರ್ಧೆಯಿಂದ ನಿವೃತ್ತರಾದರು. 1955ರ ಜನವರಿ 22ರಂದು ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಸಭಾಂಗಣದಲ್ಲಿ ಹಳೆಯ ಒಡನಾಡಿ ವಿಲ್ಲಿ ಸ್ಮಿತ್ ಎದುರು ಅವರು ಗಳಿಸಿದ 147 ಅಂಕ, ಅಧಿಕೃತವಾಗಿ ಮಾನ್ಯವಾದ ಮೊದಲ ಗರಿಷ್ಠ ಸರದಿ. ಆಗ ಅವರಿಗೆ 53 ವರ್ಷ.

ಆದರೆ ಈ ಯಶಸ್ಸಿಗೆ ಇನ್ನೊಂದು ಮುಖವೂ ಇತ್ತು. ಚಾಂಪಿಯನ್‌ಷಿಪ್ ಬಿಟ್ಟ ಮೇಲೂ ಡೇವಿಸ್ ಪ್ರದರ್ಶನ ಪಂದ್ಯಗಳನ್ನು ಆಡುತ್ತಲೇ ಇದ್ದರು, ಗೆಲ್ಲುತ್ತಲೇ ಇದ್ದರು. ಅವರನ್ನು ಸೋಲಿಸದೆ ಚಾಂಪಿಯನ್ ಎನಿಸಿಕೊಂಡವರ ಕಿರೀಟಕ್ಕೆ ಜನರ ಕಣ್ಣಲ್ಲಿ ಮೆರುಗಿರಲಿಲ್ಲ. ವೃತ್ತಿಪರ ಆಟಗಾರರ ಸಂಘದ ಮೇಲೂ, ಮುಖ್ಯ ಸಭಾಂಗಣದ ವ್ಯವಹಾರದ ಮೇಲೂ ಅವರ ಹಿಡಿತ ಬಿಗಿಯಾಗಿತ್ತೆಂಬ ಟೀಕೆ ಉಳಿದುಬಂದಿದೆ. 1957ರ ನಂತರ ಕೆಲವು ವರ್ಷ ವಿಶ್ವ ಚಾಂಪಿಯನ್‌ಷಿಪ್ ನಡೆಯಲೇ ಇಲ್ಲ. 1959ರಲ್ಲಿ ಇನ್ನೆರಡು ಬಣ್ಣದ ಚೆಂಡುಗಳನ್ನು ಸೇರಿಸಿ ಅವರು ಪ್ರಚುರಪಡಿಸಲು ಹೊರಟ ಸ್ನೂಕರ್ ಪ್ಲಸ್ ಎಂಬ ಹೊಸ ಆಟ ಜನರ ಮನ ಗೆಲ್ಲಲಿಲ್ಲ. ಜನರ ರುಚಿಯನ್ನು 1926ರಲ್ಲಿ ಸರಿಯಾಗಿ ಗ್ರಹಿಸಿದ ಕಣ್ಣು ಈ ಬಾರಿ ತಪ್ಪಿತು. ಒಂದು ಸಂಸ್ಥೆಯನ್ನು ಕಟ್ಟಿದವರೇ ಅದರ ನೆತ್ತಿಯ ಮೇಲೆ ದಟ್ಟ ನೆರಳಾಗುವ ನಿದರ್ಶನಗಳು ನಮ್ಮಲ್ಲೂ ಕಡಿಮೆಯಿಲ್ಲ.

ಊರಿಗೆ ಮರಳಿದ ಆಟ

1969ರಲ್ಲಿ ಬಣ್ಣದ ಟೆಲಿವಿಷನ್ ಸ್ನೂಕರ್‌ಗೆ ಮರುಜೀವ ಕೊಟ್ಟಿತು. ಬಣ್ಣದ ಚೆಂಡುಗಳ ಆಟ ಬಣ್ಣದ ಪರದೆಗೆ ಹೇಳಿಮಾಡಿಸಿದಂತಿತ್ತು. 1977ರಿಂದ ವಿಶ್ವ ಚಾಂಪಿಯನ್‌ಷಿಪ್ ಶೆಫೀಲ್ಡ್ ನಗರದ ಕ್ರೂಸಿಬಲ್ ರಂಗಮಂದಿರದಲ್ಲಿ ನೆಲೆಗೊಂಡಿತು. ಚೆಸ್ಟರ್‌ಫೀಲ್ಡ್‌ನಿಂದ ಶೆಫೀಲ್ಡ್ ಕೂಗಳತೆಯ ದೂರ. ಲಂಡನ್ನಿನ ಬಾಗಿಲು ಬಡಿಯಲು ಹೊರಟಿದ್ದ ಗಣಿಯೂರಿನ ಹುಡುಗನ ಆಟ ಅರ್ಧ ಶತಮಾನದ ಬಳಿಕ ಅವನ ಊರಿನ ನೆರೆಗೇ ಬಂದು ಕೂತಿತು.

1978ರಲ್ಲಿ ಅದೇ ರಂಗಮಂದಿರದಲ್ಲಿ 64ರ ಹರೆಯದ ಫ್ರೆಡ್ ಉಪಾಂತ್ಯ ಪಂದ್ಯ ಆಡುತ್ತಿದ್ದರು. ತಮ್ಮನ ಆಟ ನೋಡುತ್ತ ಕುಳಿತಿದ್ದ ಜೋ ಅಸ್ವಸ್ಥರಾದರು. ತಾವು ಆಡುವಾಗ ಅಳುಕು ತೋರದ ಮನುಷ್ಯ ತಮ್ಮನ ಪಂದ್ಯದ ಉದ್ವೇಗವನ್ನು ತಾಳದಾದರು. ಚೇತರಿಕೆಯ ಹಾದಿಯಲ್ಲಿದ್ದರೂ ಅದೇ ವರ್ಷ ಜುಲೈ 10ರಂದು 77ನೇ ವಯಸ್ಸಿನಲ್ಲಿ ತೀರಿಕೊಂಡರು.

ಜಬಲ್ಪುರದಲ್ಲಿ ಹುಟ್ಟಿ, ಊಟಿಯಲ್ಲಿ ನಿಯಮ ಪಡೆದು ಹಡಗು ಹತ್ತಿದ ಆಟ ಕಾಲಾಂತರದಲ್ಲಿ ಭಾರತೀಯರ ಕೈಗೂ ಮರಳಿತು. 1958ರಲ್ಲಿ ವಿಲ್ಸನ್ ಜೋನ್ಸ್ ಕಲ್ಕತ್ತೆಯಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. 1984ರಲ್ಲಿ ಓಂ ಅಗರ್ವಾಲ್ ಡಬ್ಲಿನ್‌ನಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್ ಆದರು. 2003ರಲ್ಲಿ ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ ಚೀನಾದಲ್ಲಿ ಅದೇ ಪ್ರಶಸ್ತಿಗೆ ಭಾಜನರಾದರು. ಡೇವಿಸ್ ಅವರಂತೆ ಅಡ್ವಾಣಿಯವರೂ ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ಜಗತ್ತನ್ನು ಗೆದ್ದವರು.

ಇಂದು ಕ್ರೂಸಿಬಲ್‌ನಲ್ಲಿ ಗೆದ್ದವರಿಗೆ ಸಿಗುವ ಬಹುಮಾನ ಲಕ್ಷಾಂತರ ಪೌಂಡ್. ಅದರೊಡನೆ ಅವರು ಎತ್ತಿ ಹಿಡಿಯುವುದು ಆಟಗಾರರೇ ಕಟ್ಟಿದ ಶುಲ್ಕದಿಂದ 1927ರಲ್ಲಿ ಕೊಂಡ ಅದೇ ಬೆಳ್ಳಿಯ ಕಪ್ಪು. ಮಕ್ಕಳು ಆಯ್ದುಕೊಂಡ ಆಟವನ್ನು ಹೊತ್ತುಗಳೆಯುವ ಹವ್ಯಾಸವೆಂದು ತಳ್ಳಿಹಾಕುವ ಮುನ್ನ ಆ ಕಪ್ಪಿನ ಕಥೆಯನ್ನೊಮ್ಮೆ ನೆನೆಯಬಹುದು. ಅದನ್ನು ಮೊದಲು ಗೆದ್ದವನ ಬಳಿ ಇದ್ದದ್ದು ಒಂದು ಸರಿಯಾದ ಕಣ್ಣು, ಅಪ್ಪನ ಹೋಟೆಲಿನ ಒಂದು ಮೇಜು ಮತ್ತು ಬೇರೆಯವರು ಬೆಲೆ ಕೊಡದ ಆಟದ ಮೇಲೆ ಕುಂದದ ನಂಬಿಕೆ.